ಅಂದಾನಪ್ಪಜ್ಜನ ಮನೆಯ ಪದ

ನಮ್ಮ ಮನೆಯ ಪದ ‘ದಿ’. ಹೀಗೆಂದರೆ ನಮ್ಮ ಊರಿನವರು ಯಾರೂ ನಗುವುದಿಲ್ಲ, ಹೊರಗಿನವರು ಮಾತ್ರ ನಗುತ್ತಾರೆ. ನಮ್ಮ ಊರಿನಲ್ಲಿ ಇಂಗ್ಲಿಷಿನ ಒಂದೊಂದು ಪದ ಒಂದೊಂದು ಮನೆಗೆ ಸೇರಿದ್ದು. ಆ ಮನೆಯವರು ಬರೆದರೆ ಕಾಗದದ ಮೇಲೆ ನಿಲ್ಲುತ್ತದೆ. ಬೇರೆಯವರು ಬರೆದರೆ ಮಸಿ ಒಣಗುವಷ್ಟರಲ್ಲಿ ಅಕ್ಷರ ಅಳಿಸಿಹೋಗಿ ಹಾಳೆ ಬೆಳ್ಳಗಾಗುತ್ತದೆ. ಬಾಯಲ್ಲಿ ಯಾರು ಏನು ಬೇಕಾದರೂ ಅನ್ನಬಹುದು, ಅದಕ್ಕೆ ತಡೆಯಿಲ್ಲ. ಕನ್ನಡವಂತೂ ಎಲ್ಲರದು, ಅದಕ್ಕೇ ಈ ಕಥೆಯನ್ನು ಯಾರ ಹಂಗೂ ಇಲ್ಲದೆ ಬರೆಯುತ್ತಿದ್ದೇನೆ. ಆದರೆ ಕಚೇರಿಗಳಿಗೆ ಹೋಗುವ ಅರ್ಜಿ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ದೂರದ ಪಟ್ಟಣಕ್ಕೆ ಹೋಗಿ ಯಾರದೋ ಕೈಯಲ್ಲಿ ಅರ್ಜಿ ಬರೆಸಿದ ಜಾಣರೂ ನಮ್ಮಲ್ಲಿ ಆಗಿಹೋಗಿದ್ದಾರೆ. ಕೆಳಗೆ ತಮ್ಮ ಸಹಿ ಹಾಕಿದ ಕೂಡಲೇ ಮೇಲಿನದೆಲ್ಲ ಮಾಯವಾಗಿ, ಬರೀ ಸಹಿ ಉಳಿದ ಹಾಳೆ ಹಿಡಿದು ಪೆಚ್ಚು ಮೋರೆ ಹಾಕಿಕೊಂಡು ಮರಳಿ ಬಂದರು.

‘ದಿ’ ಅಂದರೇನು ಎಂದು ಮಾತ್ರ ನನ್ನನ್ನು ಕೇಳಬೇಡಿ. ನಮ್ಮ ಅಪ್ಪನಿಗೆ ಗೊತ್ತಿರಲಿಲ್ಲ, ಅವನ ಅಪ್ಪನಿಗೂ ಗೊತ್ತಿರಲಿಲ್ಲ. ಶಾಲೆಯ ಮಾಸ್ತರರನ್ನು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತ ಮಾತು ಬೇರೆ ಕಡೆ ತಿರುಗಿಸುತ್ತಾರೆ. ಆದರೆ ಅದಿಲ್ಲದ ಕಾಗದವೇ ಇಲ್ಲ. ‘ಕಿಂಗ್’ ಮನೆಯವರ ಪದಕ್ಕೆ ದೊಡ್ಡ ಮರ್ಯಾದೆ, ವರ್ಷಕ್ಕೆ ಒಬ್ಬ ಗಿರಾಕಿ ಇಲ್ಲ. ನಮ್ಮದಕ್ಕೆ ಮರ್ಯಾದೆ ಇಲ್ಲ, ಬಾಗಿಲು ಹಾಕಲು ಪುರಸತ್ತಿಲ್ಲ. ಬಂದವರೆಲ್ಲ, ‘ನಿಂಬವ್ವ, ಹೆಂಗೂ ನಿನ್ನ ಪದ ಬೇಕs ಬೇಕು, ಉಳಿದ ಮನೀಗೂ ನೀನs ಹೋಗಿ ಬರಸ್ಕೊಂಡ ಬಾ’ ಎಂದು ಹಾಳೆಯನ್ನು ನನ್ನ ಕೈಗೇ ಕೊಡತೊಡಗಿದರು. ಹಾಗೆ ಶುರುವಾದ ತಿರುಗಾಟಕ್ಕೆ ಈಗ ಇಪ್ಪತ್ತೆರಡು ವರ್ಷ. ಹಾಳೆಯ ಮೇಲೆ ಯಾವ ಪದ ಎಲ್ಲಿ ಬರಬೇಕೋ ಅಲ್ಲಿ ಪೆನ್ಸಿಲ್ಲಿನಿಂದ ಚುಕ್ಕಿ ಇಟ್ಟು, ಮಸಿಯ ದೌತಿ ಮತ್ತು ಲೇಖಣಿ ಚೀಲದಲ್ಲಿ ಹಾಕಿಕೊಂಡು ಮನೆಮನೆ ಸುತ್ತುತ್ತೇನೆ. ಯಾರು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ, ಯಾರ ಮನೆಯಲ್ಲಿ ಸೂತಕವಾಗಿ ಹನ್ನೊಂದು ದಿನ ಪದ ಮುಚ್ಚಿದೆ, ಯಾರಿಗೆ ಎಲೆ ಅಡಿಕೆ ಕೊಟ್ಟರೆ ಸಾಕು, ಯಾರಿಗೆ ಅರ್ಧ ತಾಸು ಸೊಸೆಯ ದೂರು ಕೇಳಿಸಿಕೊಳ್ಳಬೇಕು, ಎಲ್ಲ ನನಗೆ ಗೊತ್ತು. ಹತ್ತು ಸಾಲಿನ ಅರ್ಜಿಗೆ ನಾಲ್ಕು ದಿನ ಹಿಡಿಯುತ್ತದೆ.

ನನಗೊಂದು ಚಾಳಿ ಇದೆ, ಕಂಡದ್ದನ್ನೆಲ್ಲ ಕೆದಕಿ ಕೇಳುವುದು. ‘ನಿಂಬಿ ಮೂಗು ತೂರಿಸದ ಬಾಗಿಲಿಲ್ಲ’ ಎಂದು ನನ್ನ ಗಂಡ ಇರುವತನಕ ಬೈಯುತ್ತಿದ್ದ. ಇಷ್ಟು ವರ್ಷ ಕೆದಕಿದ್ದರಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಪಾಲಾದ ಪದಗಳ ಸಂಗತಿ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ, ಎತ್ತು, ತಾಮ್ರದ ಹಂಡೆ ಹಂಚಿಕೊಂಡ ಹಾಗೆ ಪದವನ್ನೂ ಹಂಚಿಕೊಳ್ಳುತ್ತಾರೆ. ಪದವನ್ನು ಕಡಿದು ತುಂಡು ಮಾಡಲಾಗುವುದಿಲ್ಲ. ಆದರೆ ಅದಕ್ಕೂ ಅಕ್ಕತಂಗಿಯರಂಥ ರೂಪಗಳಿರುತ್ತವಲ್ಲ, ಒಬ್ಬೊಬ್ಬರು ಒಂದೊಂದು ಕೈಹಿಡಿದುಕೊಂಡು ಹೋಗುತ್ತಾರೆ.

ಪಡುವಣ ಓಣಿಯ ಹಾಡಿನವರ ಮನೆತನವನ್ನೇ ನೋಡಿ. ನಾಲ್ವರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯನಿಗೆ ‘ಸಿಂಗ್’ ಬಂತು, ಎರಡನೆಯವನಿಗೆ ‘ಸ್ಯಾಂಗ್’, ಮೂರನೆಯವನಿಗೆ ‘ಸಿಂಗಿಂಗ್’. ಮಗಳಿಗೆ ಅರಿಸಿನ ಕುಂಕುಮಕ್ಕೆಂದು ‘ಸಾಂಗ್’ ಕೊಟ್ಟು ಕಳಿಸಿದರು. ಕಿರಿಯನ ಪಾಲಿಗೆ ಉಳಿದದ್ದು ‘ಸಿಂಗರ್’. ಇದಾಗಿ ಎರಡು ತಲೆಮಾರಾಯಿತು. ಈಗ ಆ ಮನೆಗಳಿಗೆ ಹೋದರೆ ನಿಮಗೇ ಗೊತ್ತಾಗುತ್ತದೆ. ‘ಸಿಂಗ್’ ಮನೆಯವರು ಬೆಳಗಾದರೆ ಏನಾದರೊಂದು ಕೆಲಸಕ್ಕೆ ಕೈಹಾಕಿರುತ್ತಾರೆ, ನಾಳೆಯ ಮಾತು ಅವರಿಗಿಲ್ಲ, ನಿನ್ನೆಯದೂ ಇಲ್ಲ. ‘ಸ್ಯಾಂಗ್’ ಮನೆಯವರು ಮಾತೆತ್ತಿದರೆ ನಮ್ಮ ಅಜ್ಜ ಹಾಗಿದ್ದ, ನಮ್ಮ ಎಮ್ಮೆ ಇಷ್ಟು ಹಾಲು ಕೊಡುತ್ತಿತ್ತು. ಈಗಿನ ಎಮ್ಮೆಯ ಬಗ್ಗೆ ಒಂದು ಮಾತಿಲ್ಲ. ‘ಸಿಂಗಿಂಗ್’ ಮನೆಯವರು ಯಾವ ಕೆಲಸವನ್ನೂ ಮುಗಿಸಿದ್ದನ್ನು ನಾನು ಕಂಡಿಲ್ಲ. ಒಂಬತ್ತು ವರ್ಷದಿಂದ ಪಡಸಾಲೆಯ ಗೋಡೆ ಕಟ್ಟುತ್ತಿದ್ದಾರೆ. ಮಂದಿ ಹಾಗಿದ್ದಕ್ಕೆ ಆ ರೂಪ ಅವರ ಪಾಲಿಗೆ ಬಂತೋ, ರೂಪ ಬಂದದ್ದಕ್ಕೆ ಮಂದಿ ಹಾಗಾದರೋ, ತಲೆ ಕೆರೆದುಕೊಂಡರೂ ನನಗೆ ಬಗೆಹರಿದಿಲ್ಲ.

ಕೊಡುವ ರೀತಿಯೂ ಬೇರೆ ಬೇರೆ. ‘ಸಿಂಗ್’ ಮನೆಯವರು ಯಾರಿಗೂ ಇಲ್ಲ ಎನ್ನುವುದಿಲ್ಲ. ಹಾಡದೆ ಇರುವವರು ಯಾರು? ಕೂಸು ತೂಗುವ ತಾಯಿಯೂ ಹಾಡುತ್ತಾಳೆ, ಸ್ನಾನ ಮಾಡುವಾಗ ಪೋಸ್ಟ್ ಮಾಸ್ತರರೂ ಹಾಡುತ್ತಾರೆ. ‘ಸಿಂಗರ್’ ಹಾಗಲ್ಲ. ಮೊದಲಿನದು ಒಬ್ಬರು ಮಾಡುವ ಕೆಲಸದ ಹೆಸರು, ಇದು ಆ ಮನುಷ್ಯನ ಹೆಸರು. ಇಂಥ ಪದ ಕೊಡುವಾಗ ಕೊಡುವವರ ಮೇಲೆ ಹೊಣೆ ಬೀಳುತ್ತದೆ. ಸಲ್ಲದವರಿಗೆ ಕೊಟ್ಟರೆ ಪದ ಆ ಮನೆ ಬಿಟ್ಟು ಹೋಗುತ್ತದೆ, ಮನೆಯವರೇ ಬರೆದರೂ ಮಸಿ ನಿಲ್ಲುವುದಿಲ್ಲ. ‘ಆನೆಸ್ಟ್’ ಮನೆಯವರು ಹಿಂದೊಮ್ಮೆ ಬೀಗನ ಮುಲಾಜಿಗೆ ಬಿದ್ದು ಒಬ್ಬ ಕಳ್ಳ ತೂಕದ ಅಂಗಡಿಯವನಿಗೆ ಬರೆದುಕೊಟ್ಟರು. ಅಂದಿನಿಂದ ಇಂದಿನತನಕ ನಮ್ಮ ಊರಿನಿಂದ ಹೋಗುವ ಯಾವ ಅರ್ಜಿಯಲ್ಲೂ ಆ ಪದ ಇಲ್ಲ.

‘ಸಿಂಗರ್’ ಪದದ ಈಗಿನ ಒಡೆಯ ಅಂದಾನಪ್ಪಜ್ಜ, ಎಪ್ಪತ್ತಾರು ವರ್ಷದವನು. ಹತ್ತೊಂಬತ್ತು ವರ್ಷದ ಹಿಂದೆ ಬಂದ ಜ್ವರ ಅವನ ಎರಡೂ ಕಿವಿ ತೆಗೆದುಕೊಂಡು ಹೋಯಿತು. ಪಕ್ಕದಲ್ಲಿ ಹಂಡೆ ಬಿದ್ದರೂ ತಿರುಗಿ ನೋಡುವುದಿಲ್ಲ. ಕಿವುಡಾದ ಮೇಲೆ ಒಂದೇ ಒಂದು ಸಲ, ಊರವರ ಮಾತು ನಂಬಿ, ಸೊಸೆಯ ಅಣ್ಣ ನಾಗಭೂಷಣ ಎಂಬವನಿಗೆ ಹಾಡು ಕೇಳದೆ ಪದ ಬರೆದುಕೊಟ್ಟ. ಆ ಮಹಾರಾಯ ಪಟ್ಟಣಕ್ಕೆ ಹೋಗಿ ಹಾಡಲು ಬಾಯಿಯೇ ತೆರೆಯಲಿಲ್ಲ. ಮೂರು ತಿಂಗಳು ಅಜ್ಜ ಬರೆದ ಅಕ್ಷರ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಎದ್ದು ಒಂದು ಚೀಟಿಯ ಮೇಲೆ ಬರೆದು, ಅದು ಮಾಯವಾಗುವುದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದನಂತೆ. ತಿಳಿದೂ ತಿಳಿದೂ ಕೊಟ್ಟದ್ದಲ್ಲವೆಂದೋ ಏನೋ, ತೊಂಬತ್ತೊಂದನೆಯ ದಿನ ಪದ ತಾನಾಗಿ ಮರಳಿತು. ಅಂದೇ ಅವನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಲೇಖಣಿ ಎತ್ತಿಟ್ಟ.

ಇಷ್ಟು ಗೊತ್ತಿದ್ದೂ ಶಾವಂತ್ರವ್ವ ಹಾಳೆ ಹಿಡಿದು ನನ್ನ ಮನೆಗೆ ಬಂದಳು. ಬಸ್ ನಿಲ್ದಾಣದ ಹಿಂದೆ ಅವಳ ಚಿಕ್ಕಮ್ಮ ಕಲ್ಲವ್ವನ ಖಾನಾವಳಿ ಇದೆ. ಶಾವಂತ್ರವ್ವ ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಅಡುಗೆಮನೆಗೂ ಊಟದ ಪಡಸಾಲೆಗೂ ನಡುವೆ ಗೋಡೆ, ಗೋಡೆಯಲ್ಲಿ ರೊಟ್ಟಿ ದಾಟಿಸುವಷ್ಟು ಒಂದು ಗವಾಕ್ಷಿ. ಇಪ್ಪತ್ತು ವರ್ಷದಿಂದ ಆ ಗೋಡೆಯ ಆಚೆ ಕೂತು ರೊಟ್ಟಿ ಬಡಿಯುತ್ತ ಹಾಡುತ್ತಾಳೆ. ಉಣ್ಣುವವರಿಗೆ ಅವಳ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಹಾಡು ಅವಳಿಗೆ ಉಸಿರಾಟವಿದ್ದ ಹಾಗೆ, ಕೇಳಿದರೆ ‘ನಾ ಈಗ ಹಾಡಿದ್ನೇನ?’ ಎಂದು ಅವಳೇ ಕೇಳುತ್ತಾಳೆ. ಕಲ್ಲವ್ವನಿಗೆ ಮಾತ್ರ ಅದೊಂದು ತಲೆನೋವು. ‘ಇಕಿ ಹಾಡಿದ್ರ ಮಂದಿ ಉಂಡ ಕೈ ಒಣಗಿಸ್ಕೋತ ಕುಂದರ್ತಾರ, ಮ್ಯಾಲ ಏಳಂಗಿಲ್ಲ, ಬಂದವ್ರು ಬಾಗಲಾಗ ನಿಂದರ್ತಾರ’ ಎಂದು ಗೊಣಗುತ್ತಿರುತ್ತಾಳೆ.

ಆಕಾಶವಾಣಿಯವರು ವರ್ಷಕ್ಕೊಮ್ಮೆ ಹೊಸಬರನ್ನು ಕರೆಯುತ್ತಾರೆ. ಶಾವಂತ್ರವ್ವ ಹೋದ ವರ್ಷ ‘ಐ ಸಿಂಗ್’ ಎಂದು ಬರೆಸಿ ಕಳಿಸಿದ್ದಳು. ಅದು ವಾಪಸ್ಸು ಬಂದಿತ್ತು. ಅಂಚಿನಲ್ಲಿ ಯಾರೋ ಕೆಂಪು ಮಸಿಯಲ್ಲಿ ಕನ್ನಡದಲ್ಲಿ ಬರೆದಿದ್ದರು: ‘ಹಾಡುವವರು ಬಹಳ ಮಂದಿ ಇದ್ದಾರೆ. ತಾವು ಗಾಯಕಿಯೆ? ಹೌದಾದರೆ ಹಾಗೆಂದು ಬರೆದು ಕಳಿಸಿರಿ. ನಲವತ್ತು ದಾಟಿದವರಿಗೆ ಅವಕಾಶವಿಲ್ಲ.’ ಬರುವ ತಿಂಗಳು ಅವಳಿಗೆ ನಲವತ್ತು ತುಂಬುತ್ತದೆ. ಈ ಸಲದ ಕಾಗದ ಬರುವ ಶುಕ್ರವಾರದ ಟಪಾಲಿಗೆ ಹೋಗಬೇಕು. ಹೋಗದಿದ್ದರೆ ಮುಂದೆ ಎಂದೂ ಇಲ್ಲ.

“ನಿಂಬಕ್ಕಾ, ಊರಾಗ ನನ್ನ ರೊಟ್ಟಿ ಶಾವಂತ್ರಿ ಅಂತಾರ,” ಎಂದಳು ಹೊಸ್ತಿಲ ಮೇಲೆ ಕೂತು. “ಹೌದು, ರೊಟ್ಟಿ ಬಡೀತೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಒಂದ ಸಲ, ಒಂದs ಒಂದ ಸಲ, ಯಾರರೆ ನನ್ನ ಬ್ಯಾರೆ ಹೆಸರೀಲೆ ಕರೀಲಿ ಅನ್ನಿಸ್ತೈತಿ. ಆಮ್ಯಾಲ ಜೀವ ಇರೂತನಕ ರೊಟ್ಟಿ ಬಡಿಯಾಕ ನಾ ತಯಾರ ಅದೀನಿ.”

ಅವಳ ಗದ್ದದ ಮೇಲೆ ಹಿಟ್ಟು ಮೆತ್ತಿತ್ತು. ಹಾಳೆ ಇಸಿದುಕೊಂಡೆ. ಎರಡೇ ದಿನದಲ್ಲಿ ಬೇರೆಲ್ಲ ಪದ ಕೂಡಿಸಿದೆ. ‘ಸಾಂಗ್’ ಮನೆಯ ಮುದುಕಿ ಮೊದಲು ಹಾಡು ಹೇಳು ಎಂದು ಕೂತಳು, ನನ್ನ ಕಾಗೆ ಕಂಠದಲ್ಲಿ ಅರ್ಧ ಸಾಲು ಕೇಳಿದ್ದೇ ಲೇಖಣಿ ಕಸಿದುಕೊಂಡು ಬರೆದುಕೊಟ್ಟಳು. ಹಾಳೆಯಲ್ಲಿ ಉಳಿದದ್ದು ಒಂದೇ ಚುಕ್ಕಿ.

ಅಂದಾನಪ್ಪಜ್ಜ ಜಗುಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಅವನೊಡನೆ ಮಾತೆಂದರೆ ಪಾಟಿಯ ಮೇಲೆ ಬಳಪದಿಂದ ಬರೆಯುವುದು. ಅವನು ಬಾಯಿಂದಲೇ ಉತ್ತರ ಕೊಡುತ್ತಾನೆ, ತನ್ನ ದನಿ ತನಗೇ ಕೇಳದ್ದರಿಂದ ಮೂರು ಮನೆಗೆ ಕೇಳುವಷ್ಟು ಜೋರಾಗಿ. ನಾನು ವಿಷಯ ಬರೆದು ತೋರಿಸಿದೆ. ಓದಿ ಪಾಟಿಯನ್ನು ಮೆಲ್ಲಗೆ ಕೆಳಗಿಟ್ಟ.

“ಕೊಡಾಕ ಬರಂಗಿಲ್ಲ, ತಂಗಿ. ನಾ ಕೇಳಿದವನಲ್ಲ. ಕೇಳಲಾರದs ಹೆಂಗ ಕೊಡ್ಲಿ?”

‘ಇಡೀ ಊರೇ ಹೇಳುತ್ತದೆ’ ಎಂದು ಬರೆದೆ.

“ನಾಗಭೂಷಣಗೂ ಇಡೀ ಊರs ಹೇಳಿತ್ತು.”

ನಾನು ಅಲ್ಲಾಡಲಿಲ್ಲ. ನನ್ನ ಕೆಲಸದಲ್ಲಿ ಅರ್ಧ ಭಾಗ ಅಲ್ಲಾಡದೆ ಕೂರುವುದು. ಅವನ ಮುಂದಿನ ಬೆಳ್ಳುಳ್ಳಿ ಎಳೆದುಕೊಂಡು ನಾನೂ ಸುಲಿಯತೊಡಗಿದೆ. ಒಂದು ಸೇರು ಮುಗಿಯುವಷ್ಟರಲ್ಲಿ ಅಜ್ಜ ತಲೆ ಎತ್ತಿದ.

“ಒಂದ ದಾರಿ ಐತಿ. ನಂಗ ಹಾಡ ಕೇಳ್ಸಂಗಿಲ್ಲ ಖರೆ, ಕೇಳೂ ಮಂದಿ ಕಾಣ್ತಾರಲ್ಲ. ಆಕಿ ಹಾಡ್ಲಿ, ಮಂದಿ ಕೇಳ್ಲಿ, ನಾ ಮಂದೀನ ನೋಡ್ತೀನಿ. ಅವ್ರ ಮಾರಿ ಮ್ಯಾಲ ಏನರೆ ಬಂತಂದ್ರ ಬರದ ಕೊಡ್ತೀನಿ.”

ನನಗೆ ಕುಣಿಯಬೇಕೆನಿಸಿತು. ಎಂಥ ತಲೆ ಮುದುಕನದು ಎಂದು ಊರತುಂಬ ಹೊಗಳುತ್ತ ಬಂದೆ. ಹೊಗಳಿದ್ದೇ ತಪ್ಪಾಯಿತು ಎಂದು ತಿಳಿದದ್ದು ಆಮೇಲೆ.

ಭಾನುವಾರ ಬೆಳಿಗ್ಗೆ ಸಂತೆಕಟ್ಟೆಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ವರ್ಷಗಟ್ಟಲೆ ಮುಚ್ಚಿದ್ದ ಪದ ತೆರೆಯುತ್ತದಂತೆ ಎಂದು ಕೇಳಿ, ಎಂದೂ ಹಾಡಿಗೆ ಕಿವಿ ಕೊಡದವರೂ ಬಂದಿದ್ದರು. ‘ಸ್ಯಾಂಗ್’ ಮನೆಯವರು ಮುಂದಿನ ಸಾಲು ಹಿಡಿದು ತಮ್ಮ ಅಜ್ಜನ ಕಾಲದಲ್ಲಿ ಇದಕ್ಕಿಂತ ಹೆಚ್ಚು ಮಂದಿ ಸೇರುತ್ತಿದ್ದರು ಎನ್ನುತ್ತಿದ್ದರು. ‘ಸಿಂಗಿಂಗ್’ ಮನೆಯವರು ಇನ್ನೂ ಬರುತ್ತಿದ್ದರು. ಕಟ್ಟೆಯ ಮೇಲೆ ಶಾವಂತ್ರವ್ವ, ಅವಳ ಮುಂದೆ ಒಂದು ಕುರ್ಚಿ, ಕುರ್ಚಿಯಲ್ಲಿ ಅವಳಿಗೆ ಬೆನ್ನು ಮಾಡಿ, ಮಂದಿಗೆ ಮುಖ ಮಾಡಿ ಅಂದಾನಪ್ಪಜ್ಜ. ಶಾವಂತ್ರವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಕೈಗೆ ಹಿಟ್ಟಿಲ್ಲದೆ ಅವಳನ್ನು ನಾನು ಕಂಡದ್ದು ಅದೇ ಮೊದಲು, ಆ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೂ ತಿಳಿಯದಾಗಿತ್ತು.

ಹಾಡು ಶುರುವಾಯಿತು. ನಾನು ಅಜ್ಜನ ಮುಖ ನೋಡಿದೆ. ಹುಬ್ಬು ಏರಿತೇ? ಇಲ್ಲ. ತುಟಿ ಸಡಿಲಾಯಿತೇ? ಒಮ್ಮೆ ಆದ ಹಾಗಾಯಿತು. ಪಕ್ಕದವಳು ನನ್ನ ತಿವಿದು, ‘ನೋಡ ನೋಡ, ತಲಿ ತೂಗಿದ’ ಎಂದಳು. ಅಜ್ಜ ನೊಣ ಓಡಿಸಿದ್ದ ಅಷ್ಟೆ. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದೆವು. ಹಾಡು ಮುಗಿದಾಗ ಮುಗಿಯಿತೆಂದು ಗೊತ್ತಾಗಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಜ್ಜ ಎದ್ದು ನಿಂತ. “ನಾ ಕೊಡಂಗಿಲ್ಲ,” ಎಂದ. ಆ ದನಿ ಸಂತೆಕಟ್ಟೆ ದಾಟಿ ಹೋಯಿತು. “ಇಲ್ಲಿ ಯಾರೂ ಹಾಡ ಕೇಳಲಿಲ್ಲ. ನಾಕನೂರ ಮಂದಿ ಕೂಡಿ ನನ್ನ ಮಾರಿ ನೋಡಿದ್ರಿ. ನಾ ಏನ ಹಾಡಿದ್ನೇನ?”

ಮಂದಿ ರೇಗಿತು. ಕಿವುಡ ಮುದುಕನಿಗೆ ಏನು ತಿಳಿಯುತ್ತದೆ ಎಂದರು, ಪದ ಕಟ್ಟಿಕೊಂಡು ಸಾಯಲಿ ಎಂದರು. ನಾನೂ ಬಾಯಿಗೆ ಬಂದದ್ದು ಅಂದೆ, ಅವನಿಗೆ ಕೇಳದಲ್ಲ ಎಂಬ ಧೈರ್ಯದ ಮೇಲೆ. ಮನೆಗೆ ಬಂದು ಒಲೆ ಮುಂದೆ ಕೂತೆ. ಶಾವಂತ್ರವ್ವ ಯಾವ ಹಾಡು ಹೇಳಿದಳು ಎಂದು ನನ್ನನ್ನೇ ಕೇಳಿಕೊಂಡೆ. ಒಂದು ಸಾಲೂ ನೆನಪಾಗಲಿಲ್ಲ. ಮುದುಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಂಜೆ ಅವಳ ಮನೆಗೆ ಹೋದೆ. ಸೀರೆ ಮಡಿಚಿ ಪೆಟ್ಟಿಗೆಗೆ ಇಡುತ್ತಿದ್ದಳು.

“ಅಜ್ಜಾರದು ತಪ್ಪಿಲ್ಲ ನಿಂಬಕ್ಕಾ,” ಎಂದಳು. “ನಾನೂ ಅವ್ರ ಬೆನ್ನ ನೋಡ್ಕೋತನs ಹಾಡಿದ್ನಿ. ಈಗ ತಿರಗ್ತಾರ, ಈಗ ತಿರಗ್ತಾರ ಅಂತ. ಬಾಯಿ ಹಾಡ್ತಿತ್ತು, ನಾ ಅಲ್ಲಿ ಇರಲೇ ಇಲ್ಲ.”

ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ, ಮಂಗಳವಾರ ನಾನು ಬೇರೆಯವರ ಅರ್ಜಿ ಹಿಡಿದು ತಿರುಗಿದೆ, ಆದರೆ ಚೀಲದಲ್ಲಿದ್ದ ಅವಳ ಹಾಳೆ ಕಲ್ಲಿನಷ್ಟು ಭಾರವಾಗಿತ್ತು. ಬುಧವಾರ ತಡೆಯಲಾಗದೆ ಅಂದಾನಪ್ಪಜ್ಜನ ಜಗುಲಿ ಹತ್ತಿದೆ. ಪಾಟಿ ಎಳೆದುಕೊಂಡು ‘ಶುಕ್ರವಾರಕ್ಕೆ ಅವಳ ಬಾಳಿನ ಬಾಗಿಲು ಮುಚ್ಚುತ್ತದೆ, ನಿಮಗೆ ಊಟ ಹೇಗೆ ಸೇರುತ್ತದೆ’ ಎಂದು ಬರೆದೆ. ಬಳಪ ಮುರಿಯಿತು. ಅಜ್ಜ ಮುರಿದ ತುಂಡನ್ನು ಹುಡುಕಿ ಎತ್ತಿ ನನ್ನ ಕೈಗೆ ಕೊಟ್ಟ.

“ಸೇರವಲ್ದು,” ಎಂದ. ಅವನಿಂದ ಅಷ್ಟು ಮೆಲ್ಲನೆಯ ಮಾತು ನಾನು ಕೇಳಿದ್ದೇ ಇಲ್ಲ. “ಮೂರ ದಿನಾ ಆತು, ಅದನ್ನs ವಿಚಾರ ಮಾಡಾಕತ್ತೀನಿ. ನಾ ಕುಂದ್ರೂ ಜಾಗಾ ತಪ್ಪಿತ್ತು. ಮಂದಿ ನನ್ನ ಕಡೆ ನೋಡಲಾರದ ಜಾಗಾದಾಗ ಕುಂದರಬೇಕಾಗಿತ್ತು. ಆಕಿ ದಿನಾ ಎಲ್ಲಿ ಹಾಡ್ತಾಳ?”

ಖಾನಾವಳಿ ಎಂದು ಬರೆದೆ.

“ನಾಳೆ ಊಟದ ಹೊತ್ತಿಗೆ ಕರಕೊಂಡ ನಡಿ. ಆಕೀಗೆ ಹೇಳಬಾರ್ದು. ಕಲ್ಲವ್ವಗೂ ಹೇಳಬಾರ್ದು. ಹೇಳಿದಿ ಅಂದ್ರ ಮತ್ತ ಎಲ್ಲಾರೂ ನನ್ನs ನೋಡ್ತಾರ.” ನನ್ನ ಬಾಯಿಯ ಸಂಗತಿ ಅವನಿಗೆ ಗೊತ್ತಿತ್ತು. ಬಲಗೈ ಮುಂದೆ ಮಾಡಿ ಆಣೆ ಹಾಕಿಸಿಕೊಂಡ.

ಗುರುವಾರ ಮಧ್ಯಾಹ್ನ ಅಜ್ಜ ತಲೆ ಮೇಲೆ ಟವೆಲ್ ಹೊದ್ದುಕೊಂಡು, ಸಂತೆಗೆ ಬಂದ ಪರವೂರಿನ ಮುದುಕನ ಹಾಗೆ ಖಾನಾವಳಿಯ ಮೂಲೆಯಲ್ಲಿ ನೀರಿನ ಹರವಿಯ ಹಿಂದೆ ಕೂತ. ನಾನು ಅವನ ಪಕ್ಕ. ಪಡಸಾಲೆ ತುಂಬಿತ್ತು. ಹಮಾಲರು, ಬಸ್ಸಿನ ಕಂಡಕ್ಟರು, ಬಟ್ಟೆ ಅಂಗಡಿಯ ಗುಮಾಸ್ತರು ಮಣೆಗಳ ಮೇಲೆ ಸಾಲಾಗಿ ಕೂತಿದ್ದರು. ಗವಾಕ್ಷಿಯ ಆಚೆ ರೊಟ್ಟಿ ಬಡಿಯುವ ಸದ್ದು ಪಟ್ ಪಟ್ ಎಂದು ಬರುತ್ತಿತ್ತು. ಅದರ ಜೊತೆ ಹಾಡು ಬರಲಿಲ್ಲ.

ಈಗ ಶುರುಮಾಡುತ್ತಾಳೆ ಎಂದುಕೊಂಡೆ. ಒಂದು ರೊಟ್ಟಿ ಬಂತು, ಹತ್ತು ಬಂದವು. ಪಟ್ ಪಟ್ ಒಂದೇ. ಕಲ್ಲವ್ವ ಸಾರು ಬಡಿಸಲು ಬಂದಾಗ ಮೆಲ್ಲಗೆ ಕೇಳಿದೆ.

“ಯಾಕ ಕಲ್ಲವ್ವಾ, ಶಾವಂತ್ರಿ ದನಿ ಇಲ್ಲ?”

“ಭಾನುವಾರದಿಂದ ಹಿಂಗs. ಬಾಯಿಗೆ ಕೀಲಿ ಹಾಕ್ಕೊಂಡಾಳ,” ಎಂದಳು. “ಚಲೋನs ಆತಂದ್ಕೊಂಡಿದ್ನಿ. ಆದ್ರ ಈ ಮಂದೀಗೆ ಏನ ಧಾಡಿ ಬಂದೈತೋ, ಒಂದ ಸಮಾ ತಕರಾರ.”

ಇದ್ದ ಒಂದು ದಿನ, ಒಂದು ಹೊತ್ತು, ಈ ಪುಣ್ಯಾತ್ಗಿತ್ತಿ ಇವತ್ತೇ ಬಾಯಿ ಮುಚ್ಚಿಕೊಂಡು ಕೂರಬೇಕೇ! ಒಳಗೆ ಓಡಿಹೋಗಿ, ಹಾಡೇ ತಾಯಿ, ಅವನು ಇಲ್ಲೇ ಇದ್ದಾನೆ ಎಂದು ಹೇಳಲು ಅರ್ಧ ಎದ್ದೆ. ಅಜ್ಜ ನನ್ನ ಮಣಿಕಟ್ಟು ಹಿಡಿದು ಕೂರಿಸಿದ. ಆಣೆ ನೆನಪಿರಲಿ ಎಂಬ ಹಾಗೆ ನೋಡಿದ. ಅವನಿಗೆ ಹಾಡು ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಸುಮ್ಮನಿದ್ದರೆ ಮೋಸ, ಹೇಳಿದರೆ ಅವಳ ಕೆಲಸ ಕೆಡುತ್ತದೆ. ಬಹಳ ಹೊತ್ತು ಒದ್ದಾಡಿದೆ. ಕೊನೆಗೆ ಪಾಟಿ ತೆಗೆದು ನಿಜವನ್ನೇ ಬರೆದೆ: ‘ಅವಳು ಹಾಡುತ್ತಿಲ್ಲ. ಭಾನುವಾರದಿಂದ ಹಾಡಿಲ್ಲ.’

ಅಜ್ಜ ಓದಿದ. ಹೊರಡೋಣ ಎನ್ನುತ್ತಾನೆ ಎಂದುಕೊಂಡೆ. ಅವನು ಪಾಟಿಯನ್ನು ಮಗುಚಿಟ್ಟು, ಉಣ್ಣುವವರ ಕಡೆ ಮೊದಲಿಗಿಂತ ಹೆಚ್ಚು ನಿಗಾ ಇಟ್ಟು ನೋಡತೊಡಗಿದ. ಅವನು ನೋಡುತ್ತಿದ್ದುದನ್ನು ನಾನೂ ನೋಡಿದೆ.

ಒಬ್ಬ ಹಮಾಲ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ, ಬಾಯಿಯವರೆಗೆ ತಂದು ನಿಲ್ಲಿಸಿದ. ಏನನ್ನೋ ಮರೆತವನ ಹಾಗೆ ಅತ್ತಿತ್ತ ನೋಡಿ ಆಮೇಲೆ ತಿಂದ. ಗುಮಾಸ್ತ ಉಪ್ಪು ಕೇಳಿದ. ಹಾಕಿಕೊಂಡು ತಿಂದು ಮತ್ತೆ ಉಪ್ಪು ಕೇಳಿದ. ಅವನ ಪಕ್ಕದವನು ಹಿಂಡಿ ಚಟ್ನಿ ಕೇಳಿದ, ಇನ್ನೊಬ್ಬ ಹಸಿ ಈರುಳ್ಳಿ ಕೇಳಿದ. ‘ಸಪ್ಪಗ ಐತಿ’ ಎಂದು ಒಬ್ಬ ಅಂದದ್ದೇ ಇಡೀ ಸಾಲು ಹೌದೆಂದಿತು. ‘ಅದs ಕೈ, ಅದs ಉಪ್ಪು, ಅದs ಖಾರ!’ ಎಂದು ಕಲ್ಲವ್ವ ಸೌಟು ಕುಟ್ಟಿದಳು. ಕಂಡಕ್ಟರು ಕೈತೊಳೆದು, ನೀರು ತೊಟ್ಟಿಕ್ಕುವ ಕೈಯನ್ನು ಹಾಗೇ ಹಿಡಿದುಕೊಂಡು ಗವಾಕ್ಷಿಯ ಹತ್ತಿರ ನಿಂತ. ಒಳಗೆ ಬಗ್ಗಿ ನೋಡಲಿಲ್ಲ, ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ನಿಂತು ತಲೆ ಕೊಡವಿ ಹೋದ. ಹಾಡಿಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಹೋದದ್ದು ಏನು ಎಂದು ಅವರಿಗೆ ತಿಳಿದೇ ಇರಲಿಲ್ಲ. ದಿನಾ ಎರಡೂವರೆಯವರೆಗೆ ತುಂಬಿರುವ ಪಡಸಾಲೆ ಒಂದೂವರೆಗೇ ಅರ್ಧ ಖಾಲಿಯಾಯಿತು. ಹೊಟ್ಟೆ ತುಂಬಿಸಿಕೊಂಡು ಎದ್ದವರು ಹಸಿದವರ ಮುಖದಲ್ಲಿ ಹೊರಗೆ ಹೋದರು.

ಅಜ್ಜನ ಕಣ್ಣಲ್ಲಿ ನೀರಿತ್ತು. ಟವೆಲಿನ ತುದಿಯಿಂದ ಒರೆಸಿಕೊಂಡ.

“ಜ್ವರ ಬಿಟ್ಟ ಮ್ಯಾಲ ಮೊದಲನೇ ಊಟಕ್ಕ ನಾನೂ ಹಿಂಗs ಕುಂತಿದ್ನಿ,” ಎಂದ. ಜೋರಾಗಿಯೇ ಹೇಳುತ್ತಿದ್ದ, ಉಳಿದಿದ್ದ ನಾಲ್ಕಾರು ಮಂದಿ ತಿರುಗಿದರು. ಅವನಿಗೆ ಈಗ ಅದರ ಪರಿವೆ ಇರಲಿಲ್ಲ. “ಏನೋ ಕಡಿಮಿ ಆಗೇತಿ ಅನಸ್ತಿತ್ತು, ಏನಂತ ತಿಳೀವಲ್ದು. ಸಾರಿಗೆ ಉಪ್ಪ ಹಾಕಿಲ್ಲಂತ ಹೆಂಡ್ತಿ ಮ್ಯಾಲ ಹರಿಹಾಯ್ದಿದ್ನಿ. ಪಾಪ, ಆಕಿ ಉಪ್ಪಿನ ಗಡಿಗೀನs ತಂದ ಮುಂದ ಇಟ್ಲು. ಕಿವಿ ಹೋಗೇತಂತ ತಿಳಿಯಾಕ ನಂಗ ಅರ್ಧಾ ದಿನಾ ಹಿಡೀತು. ಇವತ್ತ ಇಲ್ಲಿ ಕುಂತವ್ರ ಎಲ್ಲಾರ ಮಾರೀನೂ ಅವತ್ತಿನ ನನ್ನ ಮಾರಿ. ಏಳ, ಹಾಳಿ ತಗಿ.”

ಅಡುಗೆಮನೆಗೆ ನಡೆದೆವು. ಶಾವಂತ್ರವ್ವ ನಮ್ಮನ್ನು ಕಂಡು ಹಿಟ್ಟಿನ ಕೈಯಲ್ಲೇ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. ಹೆಂಚಿನ ಮೇಲೆ ರೊಟ್ಟಿ ಹಾಗೇ ಉಳಿಯಿತು. ಅಜ್ಜ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಹಾಳೆ ಹರಡಿ, ಚುಕ್ಕಿ ಇದ್ದಲ್ಲಿ ಬೆರಳಿಟ್ಟು ನೋಡಿ, ದೌತಿಯಲ್ಲಿ ಲೇಖಣಿ ಅದ್ದಿ ಬರೆದ. ಬರೆದು ಮುಗಿಸಿ ಲೇಖಣಿ ಕೆಳಗಿಟ್ಟ.

ಮಸಿ ಒಣಗಬೇಕಲ್ಲ. ಕಲ್ಲವ್ವನೂ ಸೌಟು ಹಿಡಿದೇ ಬಂದು ನಿಂತಳು. ನಾಲ್ವರೂ ಬಗ್ಗಿ ಆ ಒಂದು ಪದವನ್ನು ನೋಡಿದೆವು. ಅಂಚುಗಳು ತೆಳುವಾದ ಹಾಗೆ ಕಂಡವು. ಹೆಂಚಿನ ರೊಟ್ಟಿ ಸೀದು ಹೊಗೆ ಎದ್ದಿತು, ಯಾರೂ ಕದಲಲಿಲ್ಲ. ಅಜ್ಜ ಕಣ್ಣು ಮುಚ್ಚಿಕೊಂಡುಬಿಟ್ಟಿದ್ದ. ಹೊಳಪು ಮೆಲ್ಲಗೆ ಆರಿತು, ಅಕ್ಷರಗಳು ಕಪ್ಪಾಗಿ, ಗಟ್ಟಿಯಾಗಿ ಕೂತವು. ನಾನು ಬೆರಳಿನಿಂದ ಉಜ್ಜಿ ನೋಡಿದೆ. ಹೋಗಲಿಲ್ಲ. ಅಜ್ಜನ ಭುಜ ಅಲ್ಲಾಡಿಸಿ ತೋರಿಸಿದೆ.

ಶಾವಂತ್ರವ್ವ ನೆಲದ ಮೇಲೆ ಕುಸಿದು ಕೂತು ಅತ್ತಳು. ಭಾನುವಾರದಿಂದ ಹಿಡಿದಿಟ್ಟ ಅಳು. ನನಗೂ ತಡೆಯಲಾಗಲಿಲ್ಲ, ನಾಚಿಕೆ ಬಿಟ್ಟು ಅವಳ ಪಕ್ಕ ಕೂತು ಅತ್ತೆ. ಬಹಳ ಹೊತ್ತಿನ ಮೇಲೆ ಅವಳು ಮುಖ ಎತ್ತಿ ಹಾಳೆಯನ್ನೂ ಮುದುಕನನ್ನೂ ನೋಡಿದಳು.

“ಆದ್ರ ಅಜ್ಜಾರ, ನಾ ಇವತ್ತ ಹಾಡೇ ಇಲ್ಲಲ್ರಿ.”

ನಾನು ಅದನ್ನು ಪಾಟಿಯ ಮೇಲೆ ಬರೆದು ಹಿಡಿದೆ. ಅಂದಾನಪ್ಪಜ್ಜ ಓದಿದ, ಬೊಚ್ಚು ಬಾಯಿ ತೆರೆದು ಖಾನಾವಳಿಯೆಲ್ಲ ಕೇಳುವ ಹಾಗೆ ನಕ್ಕ.

“ಹಾಡಿದ್ರ ನಂಗೇನ ಕೇಳಸ್ತಿತ್ತವ್ವಾ?”